ಎರಡನೆಯ ಬಟ್ಟಲು, ಮೂರನೆಯ ಬಟ್ಟಲು

ಹೋದ ತಿಂಗಳು ತವರಿನ ಕಡೆಯ ಒಂದು ಮದುವೆಗೆಂದು ಮಳವಳ್ಳಿಗೆ ಹೊರಟಿದ್ದೆ. ಮದ್ದೂರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಇಳಿದು, ನೆರಳು ಹುಡುಕಿಕೊಂಡು ಒಂದು ಗ್ಯಾರೇಜಿನ ತಗಡಿನ ಮಾಡಿನ ಕೆಳಗೆ ನಿಂತೆ. ಒಳಗೆ ಯಾರೋ ತಟ್ಟೆಗೆ ಸೀಮೆಎಣ್ಣೆ ಸುರಿದುಕೊಂಡು ಇಂಜಿನ್ನಿನ ಭಾಗಗಳನ್ನು ತೊಳೆಯುತ್ತಿದ್ದರು. ಸೀಮೆಎಣ್ಣೆಯೂ ಸುಟ್ಟ ಎಣ್ಣೆಯೂ ಬೆರೆತ ಆ ವಾಸನೆ ಮೂಗಿಗೆ ಬಿದ್ದದ್ದೇ ಸೆರಗಿನಿಂದ ಮೂಗು ಮುಚ್ಚಿ ಪಕ್ಕದ ಗೋಡೆ ಹಿಡಿದೆ. ಜೊತೆಗಿದ್ದ ಸೊಸೆ, "ಬಿಸ್ಲಿಗೆ ಹಂಗಾಗಿರ್ಬೇಕು ಅತ್ತೆ" ಎಂದು ಸೋಡಾ ತರಲು ಹೋದಳು. ನಾನು ಗೋಡೆ ಬಿಡದೆ ನಿಂತೆ. ಆ ವಾಸನೆ ನೆನಪಿಸಿದ್ದು ಅವಳು ಹುಟ್ಟುವುದಕ್ಕೂ ಮುಂಚಿನ ಮಾತು. ಆ ಕಾರ್ತೀಕ ಮಾಸದ ವಿಷಯವನ್ನು ನಾನು ಈವರೆಗೆ ಮಕ್ಕಳ ಮುಂದೆ ಪೂರ್ತಿ ಹೇಳಿಲ್ಲ.

ಬರ್ಮಾ ಜಪಾನಿನವರ ಕೈಗೆ ಹೋದ ವರ್ಷ. ನಾನು ಕೊತ್ತತ್ತಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನಮ್ಮಪ್ಪ ಮಳವಳ್ಳಿಯಲ್ಲಿ ಮೇಷ್ಟರು. ನನಗೆ ಮಿಡ್ಲ್‌ಸ್ಕೂಲಿನವರೆಗೆ ಇಂಗ್ಲಿಷು ಓದಿಸಿದ್ದರು. ಗಂಡನ ಮನೆಯಲ್ಲಿ ಅದು ಹೆಮ್ಮೆಯೂ ಹೌದು, ಚುಚ್ಚುಮಾತೂ ಹೌದು. ಸಾರಿಗೆ ಉಪ್ಪು ಜಾಸ್ತಿಯಾದರೆ, "ಇಂಗ್ಲೀಸು ಉಪ್ಪು ಅಂತ ಕಾಣ್ತದೆ" ಎನ್ನುತ್ತಿದ್ದರು ನಮ್ಮ ಮಾವ. ಮುಖದಲ್ಲಿ ನಗು ಇರುತ್ತಿರಲಿಲ್ಲ.

ನಾಲೆಯ ನೀರು ಬಂದ ಮೇಲೆ ಆ ಸೀಮೆಗೆ ಅನ್ನ ಬಂತು, ಜೊತೆಯಲ್ಲೇ ಚಳಿಜ್ವರವೂ ಬಂತು. ಆ ವರ್ಷ ಜ್ವರ ಹೊಗದ ಮನೆ ಊರಿನಲ್ಲಿ ಇರಲಿಲ್ಲ. ಯುದ್ಧದಿಂದಾಗಿ ಅದಕ್ಕಿದ್ದ ಮದ್ದು ಕ್ವಿನೈನು ಸಿಗುತ್ತಿರಲಿಲ್ಲ. ಗದ್ದೆಯ ನೀರು ಮನೆಗಳ ಹಿತ್ತಲವರೆಗೂ ನಿಂತಿತ್ತು. ಹೊತ್ತು ಮುಳುಗುವ ಮುಂಚೆಯೇ ಸೊಳ್ಳೆಗಳು ಗುಂಯ್ ಎನ್ನುತ್ತಿದ್ದವು. ಹಗಲಿನಲ್ಲೇ ಜಗಲಿಗಳ ಮೇಲೆ ಜನ ಕಂಬಳಿ ಹೊದ್ದು ನಡುಗುತ್ತ ಕೂತಿರುತ್ತಿದ್ದರು. ಪೈರು ಹಸಿರಾಗಿ ನಿಂತಿತ್ತು, ಊರು ಮಾತ್ರ ಬಾಡಿ ಹೋಗಿತ್ತು.

ಮನೆಯಲ್ಲಿ ನನ್ನ ನಾದಿನಿ ಸಾಕಮ್ಮ ತುಂಬು ಬಸುರಿಯಾಗಿ ಹೆರಿಗೆಗೆ ಬಂದಿದ್ದಳು. ಹಿಂದಿನ ಸಲ ಅವಳಿಗೆ ನೋವು ಬಂದಾಗ ಎತ್ತಿನ ಗಾಡಿಯಲ್ಲಿ ಮಂಡ್ಯದ ಆಸ್ಪತ್ರೆಗೆ ಸಾಗಿಸಿದ್ದರು. ಕೆಸರಿನಲ್ಲಿ ಚಕ್ರ ಹೂತು ಗಾಡಿ ನಿಂತು, ದಾರಿಯಲ್ಲೇ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಅವಳೂ ಹೋಗಿಯೇ ಬಿಡುತ್ತಿದ್ದಳು. ಈ ಸಲ ಡಾಕ್ಟರು, "ನೋವು ಕಾಣಿಸಿದ ಗಳಿಗೆಯಲ್ಲೇ ಕರೆತನ್ನಿ, ತಡ ಮಾಡಿದರೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದು ಖಂಡಿತವಾಗಿ ಹೇಳಿದ್ದರು. ಆ ಕಾರಣಕ್ಕೇ ನಮ್ಮ ಮನೆಗೆ ಕಾರು ಬಂದದ್ದು. ಮಂಡ್ಯದಿಂದ ವರ್ಗವಾಗಿ ಹೋಗುತ್ತಿದ್ದ ಒಬ್ಬ ಅಧಿಕಾರಿಯಿಂದ ನಮ್ಮವರು ಅದನ್ನು ಕೊಂಡು ತಂದರು. ಹಳೆಯದು, ಹೊಗೆ ಕಾರುತ್ತಿತ್ತು, ಏರು ಹತ್ತುತ್ತಿರಲಿಲ್ಲ. ಇಂಜಿನ್ನು ಬಿಚ್ಚಿ ಕಟ್ಟಬೇಕೆಂದು ಮದ್ದೂರಿನ ಬಷೀರ್ ಸಾಹೇಬರನ್ನು ಕರೆಸಿದರು.

ಬಷೀರ್ ಸಾಹೇಬರು ಅಲ್ಲಿನ ಒಂದು ಬಸ್ ಸರ್ವೀಸಿನಲ್ಲಿ ಮೆಕ್ಯಾನಿಕ್ಕು. ನಲವತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ. ಮಾತು ಕಡಮೆ. ರಜೆ ಹಾಕಿ ಬಂದು ನಮ್ಮ ಗಾಡಿ ಕೊಟ್ಟಿಗೆಯಲ್ಲೇ ಇಂಜಿನ್ನು ಬಿಚ್ಚಿದರು. ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳುವುದಕ್ಕೆ ನಾನು. ಹೆಂಗಸು ಕೊಟ್ಟಿಗೆಯಲ್ಲಿ ಕೂತು ಓದುವುದು ಮಾವನಿಗೆ ಹಿಡಿಸಲಿಲ್ಲ. "ಕಬ್ಣದ ಕೆಲ್ಸಕ್ಕೆ ಎಂಗ್ಸು ಕೈ ಆಕುದ್ರೆ ಒಳ್ಳೇದಾಗಾಕಿಲ್ಲ" ಎಂದು ನನಗೆ ಕೇಳುವಂತೆ ಹೇಳಿ ಗದ್ದೆಗೆ ಹೋದರು. ನನಗಂತೂ ಮದುವೆಯಾದ ಮೇಲೆ ಅಷ್ಟು ಸಂತೋಷದ ದಿನಗಳು ಅವೇ.

ಇಂಜಿನ್ನಿನ ತಳದಲ್ಲಿ ಕ್ರ್ಯಾಂಕು ಎಂಬ ದಪ್ಪ ಕಂಬಿ ತಿರುಗುತ್ತದೆ. ಅದನ್ನು ನಾಲ್ಕು ರಾಡುಗಳು ಹಿಡಿದಿರುತ್ತವೆ, ಒಂದೊಂದು ರಾಡನ್ನೂ ಕೆಳಗಿನಿಂದ ಕಚ್ಚಿ ಹಿಡಿಯಲು ಒಂದೊಂದು ಕ್ಯಾಪು. ರಾಡಿಗೂ ಕ್ಯಾಪಿಗೂ ನಡುವೆ ಹಾಳೆಯಷ್ಟು ತೆಳುವಾದ ಹಿತ್ತಾಳೆ ರೇಕುಗಳನ್ನು ಇಡುತ್ತಾರೆ. ರೇಕು ಜಾಸ್ತಿಯಾದರೆ ಹಿಡಿತ ಸಡಿಲ, ಕಡಮೆಯಾದರೆ ಬಿಗಿ. ಬಷೀರ್ ಸಾಹೇಬರು ಒಂದೊಂದನ್ನೂ ಹಾಕಿ ನೋಡಿ, ತೆಗೆದು, ಕೆರೆದು, ಮತ್ತೆ ಹಾಕಿ, ಒಂದು ಇಡೀ ದಿನ ಹಿಡಿದು ಲೆಕ್ಕ ಕೂಡಿಸಿದರು. ಆಮೇಲೆ ಎಲ್ಲವನ್ನೂ ಬಿಚ್ಚಿ, ಒಂದೊಂದು ರಾಡಿನದು ಒಂದೊಂದರಲ್ಲಿ ಎಂದು ನಾಲ್ಕು ಬಟ್ಟಲಲ್ಲಿ ಸೀಮೆಎಣ್ಣೆ ಹಾಕಿ ಇಟ್ಟರು.

"ಅಮ್ಮಾವ್ರೆ, ಕ್ಯಾಪಿಗೆ ಚುಕ್ಕಿ ಗುರುತು ಹೊಡ್ದಿವ್ನಿ. ರೇಕಿಗೆ ಗುರುತಿಲ್ಲ. ಯಾವ ಬಟ್ಲುದು ಆ ಬಟ್ಲಲ್ಲೇ ಇರ್ಬೇಕು. ತೊಳ್ದು ಒರೆಸಿ ಇಟ್ಟಿರಿ. ನಾಳಿದ್ದು ಬಂದು ಕಟ್ಬುಡ್ತೀನಿ."

ಮಾರನೆಯ ದಿನ ನಾನು ಬಟ್ಟಲುಗಳನ್ನು ಸಾಲಾಗಿ ಮಣೆಯ ಮೇಲಿಟ್ಟುಕೊಂಡು ತೊಳೆಯುತ್ತಿದ್ದೆ. ಒಳಗಿನಿಂದ ಸಾಕಮ್ಮ, "ಅತ್ಗೇ" ಎಂದು ಕೂಗಿದಳು. ಆ ಕೂಗಿನಲ್ಲಿ ಏನಿತ್ತೋ, ನಾನು ಧಡಕ್ಕನೆ ಎದ್ದೆ. ಸೆರಗು ಮಣೆಯ ಮೂಲೆಗೆ ಸಿಕ್ಕಿ ಮಣೆ ಮಗುಚಿತು. ಎರಡನೆಯ ಬಟ್ಟಲೂ ಮೂರನೆಯ ಬಟ್ಟಲೂ ಬೋರಲಾದವು.

ಒಳಗೆ ಹೋಗಿ ನೋಡಿದರೆ ಏನಿಲ್ಲ, ಸಾಕಮ್ಮ ಜ್ವರ ಏರಿ ಕನವರಿಸಿದ್ದಳು. ಹಣೆಗೆ ಒದ್ದೆ ಬಟ್ಟೆ ಹಾಕಿ ಬಂದೆ. ನೆಲದ ಮೇಲೆ ಎಂಟು ರೇಕುಗಳು ಬಿದ್ದಿದ್ದವು. ಒಂದರಲ್ಲಿ ಆರು, ಇನ್ನೊಂದರಲ್ಲಿ ಎರಡು ಇದ್ದದ್ದು ನೆನಪಿತ್ತು. ಯಾವುದರಲ್ಲಿ ಆರು ಎಂಬುದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಮೂರನೆಯದರಲ್ಲಿ ಆರು ಅನ್ನಿಸಿತು. ಹಾಗೇ ಇಟ್ಟೆ. ಒರೆಸಿ, ಮಣೆ ಸರಿಮಾಡಿ, ನೆಲ ಸಾರಿಸಿದೆ. ಸಾರಿಸಿದ ಮೇಲೆ ಅಲ್ಲಿ ಏನೂ ನಡೆದಂತೆಯೇ ಕಾಣಲಿಲ್ಲ.

ಬಷೀರ್ ಸಾಹೇಬರು ಬಂದಾಗ ಅವರ ಕಣ್ಣು ಕೆಂಡದಂತಿದ್ದವು. ಜ್ವರ ಅವರಿಗೂ ಹತ್ತಿತ್ತು. ಇವತ್ತು ಕಟ್ಟಿ ಮುಗಿಸಿದರೆ ಸರಿ, ನಾಳೆಗೆ ನಾನು ಏಳುವುದಿಲ್ಲ ಎಂದರು. ನಮ್ಮವರೂ ಅವರೂ ಸೇರಿ ಜೋಡಿಸುತ್ತ ಹೋದರು. ನಾನು ಬಟ್ಟಲು ಒಂದೊಂದಾಗಿ ಮುಂದಿಟ್ಟೆ. ಎಲ್ಲ ಮುಗಿದ ಮೇಲೆ ನಮ್ಮವರು ಹ್ಯಾಂಡಲು ಹಾಕಿ ತಿರುಗಿಸಿದರು. ಕಷ್ಟದಿಂದ ತಿರುಗಿತು.

"ಬಿಗಿ ಅದಲ್ಲ" ಎಂದರು ಬಷೀರ್ ಸಾಹೇಬರು. ಹುಬ್ಬು ಗಂಟಿಕ್ಕಿ ಬಟ್ಟಲುಗಳ ಕಡೆ ಒಮ್ಮೆ ನೋಡಿದರು. ಆಗ ನಾನು ಬಾಯಿ ಬಿಡಬೇಕಿತ್ತು. ಬಾಗಿಲಲ್ಲಿ ಮಾವ ನಿಂತಿದ್ದರು. ನಾನು ಪುಸ್ತಕದ ಹಾಳೆ ತಿರುವಿದೆ.

"ಹೊಸ್ದಾಗಿ ಕಟ್ಟಿರೋದಲ್ವಾ ಬಸೀರಣ್ಣ" ಎಂದರು ನಮ್ಮವರು. ಬಷೀರ್ ಸಾಹೇಬರು ಇನ್ನೇನೋ ಹೇಳಲು ಹೊರಟವರು ನಡುಕ ಬಂದು ಅಲ್ಲೇ ಕೂತುಬಿಟ್ಟರು. ಅವರನ್ನು ಗಾಡಿಯಲ್ಲಿ ಕೂರಿಸಿ, ಮಂಡ್ಯದಲ್ಲಿ ರೈಲು ಹತ್ತಿಸಲು ಕಳಿಸಿದೆವು.

ಮರುದಿನ ಬೆಳಿಗ್ಗೆ ಕಾರು ಹೊರಟಿತು. ಊರ ಬಾಗಿಲು ದಾಟುವವರೆಗೆ ಏನೂ ಕೇಳಿಸಲಿಲ್ಲ. ತಿರುಗಿ ಬರುವಾಗ ಒಳಗಿನಿಂದ ಟಕ್, ಟಕ್ ಎಂದು ಯಾರೋ ಬೆರಳ ಗಂಟಿನಿಂದ ಬಾಗಿಲು ಬಡಿದ ಹಾಗೆ ಸದ್ದು. ನಮ್ಮವರು ಒಂದಷ್ಟು ಓಡಿದರೆ ಸರಿಹೋಗುತ್ತದೆ ಎಂದರು. ಸಂಜೆ ಇನ್ನೊಂದು ಸಲ ಓಡಿಸಿದರು. ಸದ್ದು ಜೋರಾಯಿತು, ಜೊತೆಗೆ ಕಾದ ಕಬ್ಬಿಣದ ವಾಸನೆ. ಅವತ್ತಿನಿಂದ ನನ್ನ ಕಿವಿ ನನ್ನ ಮಾತು ಕೇಳಲಿಲ್ಲ. ಅತ್ತೆ ಒನಕೆ ಎತ್ತಿದರೂ ಬೆಚ್ಚುತ್ತಿದ್ದೆ. ಸಾಕಮ್ಮ ನನ್ನ ಕೈ ಹಿಡಿದುಕೊಂಡು, "ಕಾರಲ್ಲಾದ್ರೆ ಎಷ್ಟೊತ್ತಿಗೆ ಓಗ್ಬೋದು ಅತ್ಗೆ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು. ಅರ್ಧ ಗಂಟೆ ಎಂದು ನಾನು ಹೇಳುತ್ತಿದ್ದೆ. ಅವಳ ಕಾಲು ಊದಿತ್ತು, ಮುಖ ಬಿಳಚಿಕೊಂಡಿತ್ತು.

ಮೂರನೆಯ ದಿನ ತಡೆಯಲಾಗಲಿಲ್ಲ. "ಇದು ಓಡಿಸಿದ್ರೆ ಸರಿಹೋಗೋ ಸದ್ದಲ್ಲ. ಬಷೀರ್ ಸಾಹೇಬ್ರನ್ನ ಕರ್ಕೊಂಡ್ಬನ್ನಿ" ಎಂದೆ ನಮ್ಮವರಿಗೆ.

"ಜ್ವರದಲ್ಲಿ ಮಲ್ಗಿರೋ ಮನ್ಸನ್ನ ಎಂಗೆ ಎಬ್ಬಿಸ್ಲಿ?"

"ಸಾಕಮ್ಮನ್ನ ಮಧ್ಯದಾರೀಲಿ ಇಳಿಸ್ಕೊಂಡು ಕೂತ್ಕೊಳ್ಳೋದಾದ್ರೆ ಬುಡಿ."

ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿ ಸೈಕಲ್ಲು ಹತ್ತಿದರು.

ಮಾರನೆಯ ದಿನ ಹೊತ್ತು ನೆತ್ತಿಗೆ ಬರುವಾಗ ಬಷೀರ್ ಸಾಹೇಬರು ಗಾಡಿಯಿಂದ ಇಳಿದರು. ಕಪ್ಪು ಕಂಬಳಿ ಹೊದ್ದಿದ್ದರು. ನಿಲ್ಲಲು ಗಾಡಿಯ ಗೂಟ ಹಿಡಿಯಬೇಕಾಯಿತು. ಕಾರನ್ನು ಶುರುಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟು ಕೇಳಿದರು. ಎರಡೇ ನಿಮಿಷ. "ನಿಲ್ಸಿ. ಇದನ್ನ ಇನ್ನು ಒಂದು ಗಜಾನೂ ಓಡಿಸ್ಬೇಡಿ" ಎಂದರು. ನಮ್ಮವರು ಸೀಮೆಎಣ್ಣೆ ತರಲು ಒಳಗೆ ಹೋದರು.

"ಅಮ್ಮಾವ್ರೆ, ಬಟ್ಲು ಬಿದ್ದೋಗಿದ್ವಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ತಲೆ ತಗ್ಗಿಸಿ ಹೌದೆಂದೆ. ಎರಡು ಮತ್ತು ಮೂರು ಎಂದೆ.

"ಎರಡ್ನೇದು ಬಿಗಿಯಾಗಿ ಬೇಯ್ತಾ ಅದೆ. ಮೂರ್ನೇದು ಸಡ್ಲಾಗಿ ಬಡೀತಾ ಅದೆ. ಈಗ್ಲಾರ ಹೇಳಿದ್ರಲ್ಲ. ಹೇಳ್ದಿದ್ರೆ ನಾಲ್ಕೂ ಬಿಚ್ಚಿ ನೋಡ್ಬೇಕಾಗಿತ್ತು, ನನ್ ಕೈಲಿ ಆಯ್ತಿರ್ಲಿಲ್ಲ."

ಕಾರನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ, ಅವರು ಗೋಣಿಚೀಲ ಹಾಸಿಕೊಂಡು ಅಡಿಗೆ ತೆವಳಿದರು. ಎಣ್ಣೆ ಬಸಿದು, ಅದು ತುಂಬಿರುವ ತಳದ ಚೇಂಬರು ಬಿಚ್ಚುವಷ್ಟರಲ್ಲಿ ಒಳಗಿನಿಂದ ಅತ್ತೆ ಓಡಿ ಬಂದರು. ಸಾಕಮ್ಮನಿಗೆ ನೋವು ಕಾಣಿಸಿತ್ತು.

ನಮ್ಮವರ ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿ ಬಿತ್ತು. ಎತ್ತಿನ ಗಾಡಿಯಲ್ಲಾದರೆ ಮಂಡ್ಯ ಮೂರು ಗಂಟೆಗೂ ಹೆಚ್ಚಿನ ದಾರಿ. ಕಾರಿನಡಿಯಿಂದ ಬಷೀರ್ ಸಾಹೇಬರು, "ಎರಡು ಗಂಟೆ ಕೊಡಿ. ಅಷ್ಟ್ರಲ್ಲಿ ಆಗ್ದಿದ್ರೆ ಗಾಡಿ ಕಟ್ಟಿ" ಎಂದರು. ಎರಡನೆಯ ಕ್ಯಾಪು ಬಿಚ್ಚಿದಾಗ ಒಳಗಿನ ಬಿಳಿ ಲೋಹ ಒಂದು ಕಡೆ ಕಪ್ಪಾಗಿ ಬಳಿದುಕೊಂಡಿತ್ತು. ಇನ್ನೊಂದು ಮೈಲಿ ಓಡಿಸಿದ್ದರೆ ಕರಗಿ ಇಂಜಿನ್ನೇ ಹಿಡಿದುಕೊಂಡು ನಿಲ್ಲುತ್ತಿತ್ತಂತೆ. ಅವರು ಮಲಗಿದಲ್ಲೇ ಸಣ್ಣ ಚೂರಿಯಿಂದ ಕಪ್ಪನ್ನು ಕೆರೆದರು. ನಡುಕ ಬಂದಾಗ ಚೂರಿ ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುವರು. ನಡುಕ ಇಳಿದ ಮೇಲೆ ಮತ್ತೆ ಕೆರೆಯುವರು. ಒಳಗಿನಿಂದ ಸಾಕಮ್ಮನ ನರಳಾಟ. ಮೊದಲು ಬಿಟ್ಟು ಬಿಟ್ಟು ಬರುತ್ತಿದ್ದದ್ದು ಹತ್ತಿರ ಹತ್ತಿರವಾಗತೊಡಗಿತು.

ರೇಕು ಇಡುವ ಹೊತ್ತಿಗೆ ಅವರ ಬೆರಳು ಮಾತು ಕೇಳದಾದವು. ಎರಡು ಸಲ ರೇಕು ಜಾರಿ ಎಣ್ಣೆಯೊಳಗೆ ಬಿತ್ತು. ನಮ್ಮವರ ದಪ್ಪ ಬೆರಳು ಆ ಸಂದಿಗೆ ಹೋಗಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಕಾರಿನಡಿಗೆ ತೆವಳಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ನೋಡಿದರು. ಬೈಯುತ್ತಾರೆಂದುಕೊಂಡೆ. "ಓಗಮ್ಮಿ, ಅದೇನೋ ಬೇಗ ಮಾಡು. ಸಾಕಿ ತಾವ ನಾನಿರ್ತೀನಿ" ಎಂದು ಒಳಗೆ ಹೋದರು.

"ಈ ಪಕ್ಕ ಮೂರು, ಆ ಪಕ್ಕ ಮೂರು" ಎಂದರು ಬಷೀರ್ ಸಾಹೇಬರು. ನಾನು ಎಣಿಸಿಟ್ಟೆ. "ಒತ್ತಿ ಹಿಡೀರಿ." ಒತ್ತಿ ಹಿಡಿದೆ. ಅವರು ನಟ್ಟು ತಿರುಗಿಸಿದರು. ಮೂರನೆಯದಕ್ಕೆ ಆ ಕಡೆ ಒಂದು, ಈ ಕಡೆ ಒಂದು. ಎಣ್ಣೆ ನನ್ನ ಕಣ್ಣಿಗೂ ಬಾಯಿಗೂ ತೊಟ್ಟಿಕ್ಕುತ್ತಿತ್ತು.

ಆ ಹೊತ್ತಿಗೆ ಮಾವ ಗದ್ದೆಯಿಂದ ಬಂದರು. ನಮಗೆ ಅವರ ಪಾದಗಳು ಮಾತ್ರ ಕಾಣುತ್ತಿದ್ದವು, ಕೆಸರು ಮೆತ್ತಿದ ಎರಡು ಪಾದ. "ಮಗ್ಳು ನೋವು ತಿಂತಾವ್ಳೆ, ಇಲ್ಲಿ ಗಾಡಿ ಹೊಟ್ಟೆ ಬಗ್ದುಕೊಂಡು ಮಲಗಿದ್ದೀರಲ್ಲ. ಮೊನ್ನೆ ತಾನೇ ಕಟ್ಟಿದ್ದು. ಯಾರ್ಲಾ ಕೆಡಿಸ್ದೋರು?"

ನಾನು ಬಾಯಿ ತೆರೆದೆ. ಪಕ್ಕದಿಂದ ಬಷೀರ್ ಸಾಹೇಬರು, "ನಂದೇ ಗೌಡ್ರೆ. ಜ್ವರದಲ್ಲಿ ರೇಕು ಅದ್ಲುಬದ್ಲು ಹಾಕ್ಬುಟ್ಟೆ" ಎಂದರು.

"ನನ್ ಮಗೀಗೆ ಏನಾರ ಆದ್ರೆ ಸಾಬ್ರೆ, ನಿಮ್ಮನ್ನ ಸುಮ್ಕೆ ಬುಡಾಕಿಲ್ಲ ನಾನು."

ಬಷೀರ್ ಸಾಹೇಬರು ನನ್ನ ಕಡೆ ತಿರುಗಿ, "ಕಡೇ ನಟ್ಟು ಕೊಡಿ ಅಮ್ಮಾವ್ರೆ" ಎಂದಷ್ಟೇ ಹೇಳಿದರು. ನಾನು ಕೊಟ್ಟೆ. ತೆರೆದ ಬಾಯಿ ಮುಚ್ಚಿಕೊಂಡೆ.

ಹೊತ್ತು ಇಳಿಯುವಾಗ ಕಾರು ಹೊರಟಿತು. ನಾನೂ ಅತ್ತೆಯೂ ಹಿಂದಿನ ಸೀಟಿನಲ್ಲಿ ಸಾಕಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆವು. ದಾರಿಯುದ್ದಕ್ಕೂ ನಾನು ಅವಳ ನರಳಾಟ ಕೇಳಿಸಿಕೊಳ್ಳಲಿಲ್ಲ, ಇಂಜಿನ್ನನ್ನೇ ಕೇಳುತ್ತಿದ್ದೆ. ಆ ಟಕ್ ಟಕ್ ಸದ್ದಿರಲಿಲ್ಲ. ಅವತ್ತೇ ಮಂಡ್ಯದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ಬಷೀರ್ ಸಾಹೇಬರನ್ನು ಯಾರೋ ಗಾಡಿಯಲ್ಲಿ ರೈಲಿಗೆ ಬಿಟ್ಟರಂತೆ. ಅವರಿಗೆ ಒಂದು ಲೋಟ ನೀರು ಕೊಟ್ಟವರು ಯಾರು ಎಂದು ಕೂಡ ನಾನು ಕೇಳಲಿಲ್ಲ.

ಮಗು ಉಳಿದ ಸಂತೋಷದಲ್ಲಿ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಮಾವ ಮುಗಿಯಲು ಬಿಡಲಿಲ್ಲ. ಮೊಮ್ಮಗಳನ್ನು ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದರು. ಮಂಡ್ಯದ ಸಂತೆಯಲ್ಲಿ ಹೇಳಿದರು, ಮದ್ದೂರಿಗೆ ಹೋದಾಗ ಹೋಟೆಲಿನಲ್ಲಿ ಕೂತು ಹೇಳಿದರು. ಬಷೀರ್ ಸಾಬಿ ಇಂಜಿನ್ನು ತಪ್ಪು ಕಟ್ಟಿದ, ಕೂದಲೆಳೆಯಲ್ಲಿ ಮಗಳು ಉಳಿದಳು. ಹೇಳಿದ ಹಾಗೆಲ್ಲ ಮಾತು ಬೆಳೆಯಿತು. ಪ್ರತಿ ಸಲವೂ ನಾನು ಅಡುಗೆಮನೆಯಲ್ಲಿ ಇರುತ್ತಿದ್ದೆ, ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಮ್ಮವರು ಮದ್ದೂರಿನಿಂದ ಬಂದು ರುಮಾಲು ಬಿಚ್ಚುತ್ತ, "ಬಸೀರಣ್ಣನ್ನ ಬಸ್ಸಿನ್ ಕೆಲ್ಸದಿಂದ ತೆಗ್ದಾಕವ್ರಂತೆ. ಜನ ತುಂಬ್ಕೊಂಡು ಓಡೋ ಗಾಡಿ, ಅಂಥೋನ ಕೈಗೆ ಎಂಗೆ ಕೊಡಾನೆ ಅಂದ್ರಂತೆ ಓನರ್ರು" ಎಂದರು.

ಮಾವ ಜಗಲಿಯ ಮೇಲೆ ನಾಲ್ಕಾರು ಜನರ ನಡುವೆ ಕೂತಿದ್ದರು. ನಾನು ಅಲ್ಲಿಗೆ ಹೋದೆ. ಗಂಡಸರ ಮುಂದೆ ಹಾಗೆ ಹೋಗಿ ನಿಂತದ್ದು ಅದೇ ಮೊದಲು.

"ಮಾವಯ್ಯ, ರೇಕು ಅದ್ಲುಬದ್ಲು ಮಾಡಿದ್ದು ನಾನು. ಬಟ್ಲು ನನ್ ಸೆರಗು ಸಿಕ್ಕಿ ಬಿದ್ದಿದ್ದು. ಬಷೀರ್ ಸಾಹೇಬ್ರು ನನ್ನ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಂಡ್ರು."

ಮಾವ ನನ್ನತ್ತ ತಿರುಗಿದರು. "ಆವತ್ತು ಕಾರಿನ ಕೆಳ್ಗೆ ನೀನೂ ಇದ್ಯಲ್ಲಮ್ಮ" ಎಂದರು. ನಾನು ಹೌದೆಂದೆ. ಅವರು ಎದ್ದು ಒಳಗೆ ಹೋದರು. ಆ ದಿನ ಅವರು ಉಣ್ಣಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಬಂದು ಕಾರಿನಲ್ಲಿ ಕೂತರು. "ನೀನೂ ಹತ್ತು" ಎಂದರು ನನಗೆ. ಮೊದಲು ಬಸ್ಸಿನ ಓನರ ಮನೆ. ಮಾವ ಒಬ್ಬರೇ ಒಳಗೆ ಹೋಗಿ ಬೇಗನೆ ಹೊರಬಂದರು. ಓನರ್ರು ಕೆಲಸ ಮತ್ತೆ ಕೊಡಲು ಒಪ್ಪಿರಲಿಲ್ಲ. ಆಮೇಲೆ ಬಷೀರ್ ಸಾಹೇಬರ ಬೀದಿ. ಹಂಚಿನ ಸಣ್ಣ ಮನೆ, ಬಾಗಿಲಿಗೆ ಗೋಣಿಯ ಪರದೆ. ಪರದೆಯ ಹಿಂದಿನಿಂದ ಅವರ ಹೆಂಡತಿ ಫಾತಿಮಾಬಿ ಯಾರೆಂದು ಕೇಳಿದರು. ಮಾವ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಕೊತ್ತತ್ತಿಯೋರು ಕಣಮ್ಮ. ತಪ್ಪು ನಮ್ಮ ಮನೇದು. ನಿನ್ ಯಜಮಾನ್ರಿಗೆ ಹೇಳ್ಬೇಕು ಅಂತ ಬಂದಿವ್ನಿ."

"ಅವ್ರಿಲ್ಲ. ಮಿಲಿಟ್ರಿ ವರ್ಕ್‌ಷಾಪಿಗೆ ಸೇರ್ಕೊಂಡ್ರು. ಇಲ್ಲಿ ಯಾರೂ ಕೆಲ್ಸಕ್ಕೆ ಕರೀಲಿಲ್ಲ. ಹೋಗಿ ಎಂಟು ದಿನ ಆಯ್ತು. ಅಸ್ಸಾಮಿನ ಕಡೆ, ಯುದ್ಧದ ಜಾಗಕ್ಕೆ ಕಳಿಸ್ತಾರಂತೆ."

ಮಾವ ಗೋಡೆಗೆ ಕೈಯೂರಿದರು. ನಾನು ಪರದೆ ಸರಿಸಿ ಒಳಗೆ ಹೋಗಿ ನಾನೇ ಅದನ್ನು ಮಾಡಿದವಳು ಎಂದೆ. ಫಾತಿಮಾಬಿ ನನಗಿಂತ ಹೆಚ್ಚು ದೊಡ್ಡವರಲ್ಲ. ನನ್ನ ಕೈಗಳನ್ನು ನೋಡಿದರು, ಮುಖವನ್ನು ನೋಡಲಿಲ್ಲ.

"ನಿಮಗೆ ಬರೆಯೋಕೆ ಬರ್ತದಲ್ಲ. ಬರ್ದು ಕೊಡಿ. ಅವ್ರಿಗೆ ಕನ್ನಡ ಓದೋಕೆ ಬರ್ತದೆ. ಅಡ್ರೆಸ್ಸು ಇಟ್ಟಿದ್ದೀನಿ."

ಅವರ ಮನೆಯ ಪೆಟ್ಟಿಗೆಯ ಮೇಲೆ ಕಾಗದವಿಟ್ಟುಕೊಂಡು ಬರೆದೆ. ಬಟ್ಟಲು ಬಿದ್ದದ್ದು, ನೆಲ ಸಾರಿಸಿದ್ದು, ಕಾರಿನಡಿಯಲ್ಲಿ ಬಾಯಿ ಮುಚ್ಚಿಕೊಂಡದ್ದು, ಎಲ್ಲ. ಓದಿ ಎಂದರು. ಓದಿದೆ. "ಜೋರಾಗಿ ಓದಿ" ಎಂದು ಎದ್ದು ಹೋಗಿ ಗೋಣಿ ಪರದೆಯನ್ನು ಮೇಲಕ್ಕೆ ಕಟ್ಟಿದರು. ಎದುರು ಮನೆಯ ಜಗಲಿಯಲ್ಲಿ ಜನ ಸೇರಿದ್ದರು, ಬೀದಿಯಲ್ಲೂ ನಿಂತಿದ್ದರು. ನಾನು ಬಾಗಿಲಲ್ಲಿ ನಿಂತು ಮೊದಲ ಸಾಲಿನಿಂದ ಮತ್ತೆ ಓದಿದೆ. ಮುಗಿಯುವವರೆಗೂ ಮಾವ ತಲೆ ಬಾಗಿಸಿ ಬಿಸಿಲಿನಲ್ಲಿ ನಿಂತಿದ್ದರು.

ಮಳೆಗಾಲದ ಹೊತ್ತಿಗೆ ಫಾತಿಮಾಬಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಒಂದು ಕಾರ್ಡು ಕಳಿಸಿದರು, ಓದಿ ಹೇಳಿ ಎಂದು. ಅರ್ಧ ಭಾಗಕ್ಕೆ ಮಿಲಿಟ್ರಿಯವರು ಕಪ್ಪು ಮಸಿ ಬಳಿದಿದ್ದರು. ಉಳಿದದ್ದರಲ್ಲಿ ಹೀಗಿತ್ತು: "ಅಮ್ಮಾವರ ಕಾಗದ ತಲುಪಿತು. ಜೊತೆಯವರಿಗೂ ಓದಿ ತೋರಿಸಿದೆ. ಇಲ್ಲಿ ಮಳೆ ಬಹಳ. ಜ್ವರ ಬಂದು ಹೋಗುತ್ತಾ ಇದೆ." ನಾನೂ ನಮ್ಮವರೂ ಅದನ್ನು ತೆಗೆದುಕೊಂಡು ಮದ್ದೂರಿಗೆ ಹೋಗಿ ಅವರ ಮುಂದೆ ಓದಿದೆವು. ಇನ್ನೊಂದು ಕಾರ್ಡು ಬಂದರೆ ಮತ್ತೆ ಬನ್ನಿ ಎಂದರು ಫಾತಿಮಾಬಿ. ಕಾರ್ಡೂ ಬರಲಿಲ್ಲ, ಬಷೀರ್ ಸಾಹೇಬರೂ ಬರಲಿಲ್ಲ.